ಕಾರ್ಖಾನೆಯ ಟ್ಯಾಂಕಿಗೆ ಸೆನ್ಸರ್ ಇದೆ, ಅದರ ಮಾತು ಕೇಳಿಸೋದು ಯಾರಿಗೆ?

2005ರ ಡಿಸೆಂಬರ್ 11, ಭಾನುವಾರ ನಸುಕು. ಲಂಡನ್ನಿನ ಉತ್ತರಕ್ಕಿರುವ ಬನ್ಸ್‌ಫೀಲ್ಡ್ ತೈಲ ಸಂಗ್ರಹಾಗಾರದಲ್ಲಿ 912ನೇ ನಂಬರಿನ ಟ್ಯಾಂಕಿಗೆ ಪೈಪ್‌ಲೈನಿನಿಂದ ಪೆಟ್ರೋಲ್ ಹರಿದು ಬರುತ್ತಿತ್ತು. ಬೆಳಗಿನ ಜಾವ 3 ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಕಂಟ್ರೋಲ್ ರೂಮಿನ ಪರದೆಯಲ್ಲಿ ಆ ಟ್ಯಾಂಕಿನ ಮಟ್ಟ ಏರುವುದು ನಿಂತುಹೋಯಿತು. ಪೆಟ್ರೋಲ್ ಬರುವುದು ಮಾತ್ರ ನಿಂತಿರಲಿಲ್ಲ. ಮಟ್ಟ ಅಳೆಯುವ ಗೇಜ್ ಸಿಕ್ಕಿಹಾಕಿಕೊಂಡಿತ್ತು, ಅಷ್ಟೇ. ಗೇಜ್ ಕೈಕೊಟ್ಟರೂ ಬಡಿದೆಬ್ಬಿಸಲಿ ಅಂತ ಟ್ಯಾಂಕಿನ ತಲೆಯ ಮೇಲೆ ಇನ್ನೊಂದು ಸ್ವತಂತ್ರ ಸ್ವಿಚ್ ಇತ್ತು. ಅದಕ್ಕೆ ಹಾಕಲೇಬೇಕಾಗಿದ್ದ ಒಂದು ಬೀಗವನ್ನು ಹಾಕಿರಲಿಲ್ಲವಾದ್ದರಿಂದ ಅದೂ ಸತ್ತುಬಿದ್ದಿತ್ತು. 5.37ರ ಸುಮಾರಿಗೆ ಪೆಟ್ರೋಲ್ ಉಕ್ಕಿ ಹೊರಗೆ ಸುರಿಯತೊಡಗಿತು. 6.01ಕ್ಕೆ ಸ್ಫೋಟ.

ಭಾನುವಾರ ಬೆಳಗ್ಗೆ ಆದ್ದರಿಂದ ಯಾರೂ ಸಾಯಲಿಲ್ಲ, 43 ಜನ ಗಾಯಗೊಂಡರು. ತನಿಖೆಯಲ್ಲಿ ಹೊರಬಂದ ಒಂದು ಸಂಗತಿ ನನ್ನ ತಲೆಯಲ್ಲಿ ಯಾವತ್ತೂ ಉಳಿದುಬಿಟ್ಟಿದೆ: ಆ ಗೇಜ್ ಅವತ್ತೇ ಮೊದಲ ಸಲ ಕೈಕೊಟ್ಟದ್ದಲ್ಲ. ಆಗಸ್ಟ್ ಕೊನೆಯಿಂದ ಡಿಸೆಂಬರ್‌ವರೆಗೆ 14 ಸಲ ಸಿಕ್ಕಿಹಾಕಿಕೊಂಡಿತ್ತು. ಅಲ್ಲಿ ಕೆಲಸ ಮಾಡುವವರಿಗೆ ಇದು ಗೊತ್ತಿತ್ತು. ಸರಿ ಮಾಡಿಸುವ ವ್ಯವಸ್ಥೆ ಇರಲಿಲ್ಲ.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆ ಅಂದ್ರೆ, ಎಲ್ಲಿ ನೋಡಿದರೂ ಈಗ 'ಸ್ಮಾರ್ಟ್' ಕಾರ್ಖಾನೆಯ ಮಾತು. ಟ್ಯಾಂಕಿಗೆ ಸೆನ್ಸರ್, ಪೈಪಿಗೆ ಸೆನ್ಸರ್, ಎಲ್ಲವೂ ಇಂಟರ್‌ನೆಟ್ಟಿಗೆ ಜೋಡಣೆ, ಮೊಬೈಲಿನಲ್ಲೇ ಎಲ್ಲ ಕಾಣುತ್ತೆ ಅಂತ ಜಾಹೀರಾತು. ಸರ್ಕಾರವೂ ಅಷ್ಟೇ, 'ಆನ್‌ಲೈನ್ ನಿಗಾ ಇದೆ' ಅಂದರೆ ಮಾಲಿನ್ಯದ ಪ್ರಶ್ನೆ ಮುಗಿಯಿತು ಎಂಬ ಧಾಟಿಯಲ್ಲಿ ಉತ್ತರ ಕೊಡುತ್ತೆ. ನಾನು ಇನ್‌ಸ್ಟ್ರುಮೆಂಟೇಶನ್ ಓದಿ ಕೆಲವು ವರ್ಷ ಈ ಕೆಲಸವನ್ನೇ ಮಾಡಿದವನು. ಈ ಸೆನ್ಸರ್‌ಗಳ ಬಗ್ಗೆ ನನಗೆ ಗೌರವವಿದೆ. ಆದರೆ ಒಂದು ಸೆನ್ಸರ್ ಏನು ಹೇಳುತ್ತೆ, ಏನು ಹೇಳಲ್ಲ ಅನ್ನೋದು ಎಂಜಿನಿಯರುಗಳಿಗಷ್ಟೇ ಗೊತ್ತಿದ್ದರೆ ಸಾಲದು. ಆ ಟ್ಯಾಂಕಿನ ಪಕ್ಕದಲ್ಲಿ ಬದುಕುವವರಿಗೂ ಗೊತ್ತಿರಬೇಕು.

ಸೆನ್ಸರ್ ಅಳೆಯೋದು ಏನನ್ನ?

ಹಳ್ಳಿಯ ನೀರುಗಂಟಿ ಓವರ್‌ಹೆಡ್ ಟ್ಯಾಂಕಿನ ಏಣಿ ಹತ್ತಿ ಇಣುಕಿ ನೋಡುತ್ತಾನೆ. ಪೆಟ್ರೋಲ್ ಬಂಕಿನವರು ಉದ್ದನೆಯ ಅಳತೆ ಕೋಲು ಇಳಿಸಿ ಎಷ್ಟು ನೆಂದಿದೆ ಅಂತ ನೋಡುತ್ತಾರೆ. ಕಾರ್ಖಾನೆಯ ಸೆನ್ಸರ್ ಮಾಡೋದೂ ಇದೇ ಕೆಲಸ. ವ್ಯತ್ಯಾಸ ಏನೆಂದರೆ, ಬಹುಪಾಲು ಸೆನ್ಸರ್‌ಗಳು ಮಟ್ಟವನ್ನು ನೇರವಾಗಿ ನೋಡುವುದಿಲ್ಲ. ಬೇರೆ ಏನನ್ನೋ ಅಳೆದು, ಅದರಿಂದ ಮಟ್ಟವನ್ನು ಲೆಕ್ಕ ಹಾಕುತ್ತವೆ.

ರೇಡಾರ್ ಸೆನ್ಸರ್ ಟ್ಯಾಂಕಿನ ಮೇಲಿಂದ ಅಲೆಗಳನ್ನು ಕಳಿಸಿ, ಅವು ದ್ರವಕ್ಕೆ ಬಡಿದು ವಾಪಸ್ ಬರಲು ಹಿಡಿದ ಸಮಯದಿಂದ ದೂರ ಕಂಡುಹಿಡಿಯುತ್ತೆ. ಮೇಲೆ ದಟ್ಟ ನೊರೆ ಇದ್ದರೆ ಅದಕ್ಕೆ ಗೊಂದಲ. ಒತ್ತಡದ ಸೆನ್ಸರ್ ಬುಡದಲ್ಲಿ ಕೂತು ಮೇಲಿರುವ ದ್ರವದ ಭಾರ ನೋಡುತ್ತೆ: 10 ಮೀಟರ್ ನೀರಿಗೆ ಹೆಚ್ಚೂಕಮ್ಮಿ 1 ಬಾರ್ ಒತ್ತಡ. ನೀರಿಗೆ ಅಂತ ಹೊಂದಿಸಿಟ್ಟ ಸೆನ್ಸರ್ ಇರುವ ಟ್ಯಾಂಕಿಗೆ ನೀರಿಗಿಂತ ಹಗುರವಾದ ದ್ರವ ತುಂಬಿದರೆ, ಇರುವುದಕ್ಕಿಂತ ಕಡಿಮೆ ಮಟ್ಟ ತೋರಿಸುತ್ತೆ.

ಪೈಪಿನಲ್ಲಿ ಹರಿವು ಅಳೆಯಲು ವಿದ್ಯುತ್ಕಾಂತೀಯ ಫ್ಲೋ ಮೀಟರ್ ಇದೆ. ಅಯಸ್ಕಾಂತ ಕ್ಷೇತ್ರದ ಮೂಲಕ ವಿದ್ಯುತ್ ವಾಹಕ ದ್ರವ ಹರಿದಾಗ ಹುಟ್ಟುವ ಚಿಕ್ಕ ವೋಲ್ಟೇಜನ್ನು ಅದು ಹಿಡಿಯುತ್ತೆ, ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವವೇ. ನೀರು, ಕೊಳಚೆ, ಆಮ್ಲಕ್ಕೆಲ್ಲ ಸರಿ. ಪೆಟ್ರೋಲಿನಲ್ಲಿ ವಿದ್ಯುತ್ ಹರಿಯಲ್ಲ, ಹಾಗಾಗಿ ಅಲ್ಲಿ ಇದು ಉಪಯೋಗಕ್ಕೆ ಬಾರದು. ಪೈಪ್ ಅರ್ಧ ಮಾತ್ರ ತುಂಬಿದ್ದರೆ ಲೆಕ್ಕವೂ ತಪ್ಪುತ್ತೆ.

ಈ ಅಳತೆ ಕಂಟ್ರೋಲ್ ರೂಮಿಗೆ ತಲುಪೋದು ಹೇಗೆ? ದಶಕಗಳಿಂದ ನಡೆದುಬಂದ ಪದ್ಧತಿ ಒಂದು ಜೋಡಿ ತಂತಿ, ಅದರಲ್ಲಿ 4ರಿಂದ 20 ಮಿಲಿಆಂಪ್ ಕರೆಂಟ್. ಟ್ಯಾಂಕ್ ಖಾಲಿ ಅಂದರೆ 4, ಪೂರ್ತಿ ತುಂಬಿದರೆ 20. ಸೊನ್ನೆಯಿಂದ ಯಾಕೆ ಶುರುವಾಗಲ್ಲ ಅಂತ ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಕೇಳಿದ್ದರು. ಉತ್ತರ ಚೆನ್ನಾಗಿದೆ. ಸೊನ್ನೆ ಬಂತು ಅಂದರೆ ತಂತಿ ತುಂಡಾಗಿದೆ ಅಥವಾ ಸೆನ್ಸರ್ ಸತ್ತಿದೆ ಅಂತ ಅರ್ಥ. ಟ್ಯಾಂಕ್ ಖಾಲಿ ಇರೋದಕ್ಕೂ ಸೆನ್ಸರ್ ಸತ್ತಿರೋದಕ್ಕೂ ವ್ಯತ್ಯಾಸ ಗೊತ್ತಾಗಬೇಕು ಅನ್ನೋ ವಿವೇಕ ಆ ವಿನ್ಯಾಸದಲ್ಲೇ ಇದೆ.

ಈಗ ಆ ತಂತಿಯ ತುದಿಗೆ ಕಂಪ್ಯೂಟರ್, ಡೇಟಾ ಲಾಗರ್, ಸಿಮ್ ಹಾಕಿದ ಮೋಡೆಮ್, ದೂರದಲ್ಲೆಲ್ಲೋ ಸರ್ವರ್ ಸೇರಿಕೊಂಡಿವೆ. ಸಾವಿರ ಕಿಲೋಮೀಟರ್ ಆಚೆ ಕೂತವರಿಗೂ ಅಂಕಿ ಕಾಣುತ್ತೆ. ಕಂಡ ಅಂಕಿ ನಿಜವೋ ಅಲ್ಲವೋ ಅನ್ನೋದು ಮಾತ್ರ ಇವತ್ತಿಗೂ ಟ್ಯಾಂಕಿನ ಬಳಿ, ಆ ಸೆನ್ಸರ್ ಇರುವ ಜಾಗದಲ್ಲೇ ತೀರ್ಮಾನವಾಗುತ್ತೆ.

ಒಂದು ಸರಳ ಲೆಕ್ಕ

ಸೆನ್ಸರ್ ಸುಳ್ಳು ಹೇಳುತ್ತಿದೆ ಅಂತ ಪತ್ತೆ ಮಾಡಲು ದೊಡ್ಡ ವಿದ್ಯೆ ಬೇಡ. ನಿಮ್ಮ ಮನೆಯ ಸಾವಿರ ಲೀಟರಿನ ಖಾಲಿ ಟ್ಯಾಂಕಿಗೆ ಮೋಟಾರ್ ನಿಮಿಷಕ್ಕೆ 20 ಲೀಟರ್ ನೀರು ಹಾಕುತ್ತೆ ಅಂದುಕೊಳ್ಳಿ. ಅರ್ಧ ಗಂಟೆಗೆ 600 ಲೀಟರ್ ಇರಬೇಕು. ಗೇಜ್ 200 ತೋರಿಸಿದರೆ? ಒಂದೋ ಟ್ಯಾಂಕ್ ಸೋರುತ್ತಿದೆ, ಇಲ್ಲ ಮೋಟಾರ್ ಎತ್ತುತ್ತಿಲ್ಲ, ಇಲ್ಲ ಗೇಜ್ ಸುಳ್ಳು. ಬಂದದ್ದು, ಹೋದದ್ದು, ಉಳಿದದ್ದು, ಈ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಅಂಗಡಿಯವರು ದಿನಾ ರಾತ್ರಿ ಗಲ್ಲಾಪೆಟ್ಟಿಗೆ ಎಣಿಸುವ ಲೆಕ್ಕ ಇದೇ.

ಬನ್ಸ್‌ಫೀಲ್ಡಿನಲ್ಲಿ ಗಂಟೆಗೆ ಸುಮಾರು 550 ಘನ ಮೀಟರ್, ಅಂದರೆ 5.5 ಲಕ್ಷ ಲೀಟರ್ ಪೆಟ್ರೋಲ್ ಒಳಬರುತ್ತಿತ್ತು. ಮಟ್ಟ ಮಾತ್ರ ಎರಡೂವರೆ ಗಂಟೆ ಕದಲಲಿಲ್ಲ. ಈ ಎರಡು ಅಂಕಿ ಅಕ್ಕಪಕ್ಕ ಇದ್ದಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು. ಆದರೆ ಆ ಪೈಪ್‌ಲೈನಿನ ಹರಿವಿನ ಮಾಹಿತಿಯೂ ನಿಯಂತ್ರಣವೂ ಟ್ಯಾಂಕ್ ನೋಡಿಕೊಳ್ಳುವ ಸಿಬ್ಬಂದಿಯ ಕೈಯಲ್ಲಿ ಪೂರ್ತಿ ಇರಲಿಲ್ಲ.

ಅದೇ 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ಬಿಪಿ ಸಂಸ್ಕರಣಾಗಾರದಲ್ಲೂ ಇದೇ ಕಥೆ, ಇನ್ನೂ ಘೋರವಾಗಿ. ಒಂದು ಎತ್ತರದ ಗೋಪುರಕ್ಕೆ ತೈಲ ತುಂಬಿಸುತ್ತಿದ್ದರು. ನಿಜವಾದ ಮಟ್ಟ ಸುಮಾರು 48 ಮೀಟರ್ ಮುಟ್ಟಿದಾಗ ಪರದೆಯಲ್ಲಿ ಕಾಣುತ್ತಿದ್ದದ್ದು 3 ಮೀಟರಿಗೂ ಕಡಿಮೆ, ಅದೂ ಇಳಿಯುತ್ತಿದೆ ಅಂತ. ಆ ಸೆನ್ಸರಿಗೆ ಬುಡದ ಸ್ವಲ್ಪ ಭಾಗ ಬಿಟ್ಟು ಮೇಲಿನದನ್ನು ಅಳೆಯುವ ಸಾಮರ್ಥ್ಯವೇ ಇರಲಿಲ್ಲ, ಒಳಗಿದ್ದ ದ್ರವಕ್ಕೆ ತಕ್ಕಂತೆ ಹೊಂದಿಸಿಯೂ ಇರಲಿಲ್ಲ. ಒಳಬರುವ ಹರಿವು ಒಂದು ಪರದೆಯಲ್ಲಿ, ಹೊರಹೋಗುವ ಹರಿವು ಇನ್ನೊಂದು ಪರದೆಯಲ್ಲಿ. ಕೂಡಿ ಕಳೆದು ತೋರಿಸುವ ಏರ್ಪಾಡು ಇಲ್ಲ. ಸತ್ತವರು 15 ಜನ. ಅಷ್ಟೂ ಜನ ಗುತ್ತಿಗೆ ಕಂಪನಿಗಳ ನೌಕರರು. ಆ ಘಟಕದ ಪಕ್ಕದಲ್ಲೇ ತಾತ್ಕಾಲಿಕ ಟ್ರೇಲರ್‌ಗಳನ್ನು ಇಟ್ಟು ಅವರಿಗೆ ಕೆಲಸದ ಜಾಗ ಮಾಡಿಕೊಟ್ಟಿದ್ದರು.

ವಿಶಾಖಪಟ್ಟಣ: ಸೆನ್ಸರ್ ಇತ್ತು, ಬುಡದಲ್ಲಿ

ನಮ್ಮ ಪಕ್ಕದ ರಾಜ್ಯಕ್ಕೇ ಬರೋಣ. 2020ರ ಮೇ 7, ಲಾಕ್‌ಡೌನ್ ನಡೆಯುತ್ತಿದ್ದ ದಿನಗಳು. ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರಂನಲ್ಲಿ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಸ್ಟೈರೀನ್ ಟ್ಯಾಂಕಿನಿಂದ ಬೆಳಗಿನ ಜಾವ ವಿಷಾನಿಲ ಹೊರಟಿತು. ಜನ ಮನೆಗಳಲ್ಲಿ ಮಲಗಿದ್ದರು. 12 ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು.

ಸ್ಟೈರೀನ್ ಸುಮ್ಮನೆ ಇರುವ ದ್ರವವಲ್ಲ. ಬಿಸಿಯಾದರೆ ಅದರ ಅಣುಗಳು ಒಂದಕ್ಕೊಂದು ಅಂಟಿಕೊಂಡು ಪ್ಲಾಸ್ಟಿಕ್ ಆಗತೊಡಗುತ್ತವೆ. ಅಂಟಿಕೊಳ್ಳುವಾಗ ಇನ್ನಷ್ಟು ಬಿಸಿ ಹುಟ್ಟುತ್ತೆ, ಆ ಬಿಸಿಗೆ ಇನ್ನಷ್ಟು ಅಂಟುತ್ತವೆ. ಅದಕ್ಕೇ ಅದನ್ನು ತಂಪಾಗಿಡಬೇಕು, ಕಲಕುತ್ತಿರಬೇಕು, ತಡೆಯುವ ರಾಸಾಯನಿಕ ಬೆರೆಸಿರಬೇಕು. ಆಂಧ್ರ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ 2020ರ ಜುಲೈನಲ್ಲಿ ಕೊಟ್ಟ ವರದಿಯಲ್ಲಿ ಈ ಎಲ್ಲದರಲ್ಲೂ ಲೋಪ ಕಂಡಿತು. ಅದರಲ್ಲಿ ಒಂದು ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು: ಉಷ್ಣಾಂಶ ಅಳೆಯುವ ವ್ಯವಸ್ಥೆ ಇದ್ದದ್ದು ಟ್ಯಾಂಕಿನ ಬುಡದಲ್ಲಿ ಮಾತ್ರ. ಬಿಸಿಯಾದ ದ್ರವ ಮೇಲಕ್ಕೆ ಏರುತ್ತೆ ಅನ್ನೋದು ಹೈಸ್ಕೂಲ್ ಪಾಠ. ಮೇಲಿನ ಪದರ ಕಾಯುತ್ತಿದ್ದಾಗ ಬುಡದ ಅಂಕಿ ತಣ್ಣಗಿತ್ತು.

ಲಾಗ್ ಪುಸ್ತಕ ತೆಗೆದು ನೋಡಿದರೆ ಆ ಟ್ಯಾಂಕಿನ ಉಷ್ಣಾಂಶ 'ದಾಖಲಾಗಿದೆ'. ನಿಯಮ ಪಾಲನೆಯ ಪಟ್ಟಿಯಲ್ಲಿ 'ಸೆನ್ಸರ್ ಇದೆಯೇ?' ಎಂಬುದರ ಮುಂದೆ ರೈಟ್ ಗುರುತು ಹಾಕಬಹುದಿತ್ತು. ಕೊನೆಗೆ, ಊರಿನವರನ್ನು ಎಬ್ಬಿಸಬೇಕಾಗಿದ್ದ ಸೈರನ್ ಕೂಡ ಮೊಳಗಲಿಲ್ಲ.

ಮಂಡಳಿಯ ಸರ್ವರಿಗೆ ಹೋಗುವ ಅಂಕಿ

ಈಗ ನಮ್ಮೂರಿನ ಹೊಳೆ, ಕೆರೆಗಳ ವಿಷಯ. 2014ರ ಫೆಬ್ರವರಿಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಒಂದು ನಿರ್ದೇಶನ ಹೊರಡಿಸಿತು. ಅತಿ ಹೆಚ್ಚು ಮಾಲಿನ್ಯ ಮಾಡುವ 17 ಬಗೆಯ ಕೈಗಾರಿಕೆಗಳು ತಮ್ಮ ತ್ಯಾಜ್ಯ ನೀರಿನ ಕೊಳವೆಗೆ, ಚಿಮಣಿಗೆ ನಿರಂತರ ಅಳೆಯುವ ಸೆನ್ಸರ್ ಹಾಕಬೇಕು, ಆ ಅಂಕಿ ನೇರವಾಗಿ ಕೇಂದ್ರ ಮತ್ತು ರಾಜ್ಯ ಮಂಡಳಿಗಳ ಸರ್ವರಿಗೆ ಹೋಗಬೇಕು. ಸಕ್ಕರೆ, ಡಿಸ್ಟಿಲರಿ, ಕಾಗದ, ಔಷಧ, ಸಿಮೆಂಟ್, ಉಕ್ಕು ಎಲ್ಲ ಈ 17ರಲ್ಲಿ ಬರುತ್ತವೆ. ಅಂದರೆ ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳಿಗೂ ಇದು ಸಂಬಂಧಪಟ್ಟದ್ದೇ. ಹರಿವು, ಪಿಎಚ್, ಸಿಒಡಿ, ಬಿಒಡಿ, ತೇಲುವ ಕಣಗಳು, ಇಷ್ಟು ಅಳೆಯಬೇಕು. ಮಿತಿ ದಾಟಿದರೆ ಎಸ್‌ಎಂಎಸ್ ಹೋಗುತ್ತೆ.

ಕಾಗದದ ಮೇಲೆ ಇದು ದೊಡ್ಡ ಹೆಜ್ಜೆ. ಅಧಿಕಾರಿ ಬರುವ ದಿನ ಮಾತ್ರ ಶುದ್ಧೀಕರಣ ಘಟಕ ಓಡಿಸಿ, ಉಳಿದ ದಿನ ರಾತ್ರೋರಾತ್ರಿ ಹಳ್ಳಕ್ಕೆ ಬಿಡುವ ಆಟಕ್ಕೆ ಇದು ಕಡಿವಾಣ ಹಾಕಬೇಕಿತ್ತು. ಆದರೆ ಇಲ್ಲಿ ಸೆನ್ಸರ್ ಖರೀದಿಸೋದು, ನಿರ್ವಹಿಸೋದು, ಕ್ಯಾಲಿಬ್ರೇಟ್ ಮಾಡಿಸೋದು ಎಲ್ಲ ಅದೇ ಕಾರ್ಖಾನೆ. ತಕ್ಕಡಿ ಅಂಗಡಿಯವನದ್ದೇ, ಕಲ್ಲೂ ಅವನದ್ದೇ.

ನಾನು ಕೆಲಸಕ್ಕೆಂದು ಹೋಗಿದ್ದ ಒಂದು ಘಟಕದಲ್ಲಿ ಪಿಎಚ್ ಸೆನ್ಸರ್ ಹೊರಹರಿವಿನ ಕಾಲುವೆಯಲ್ಲಿರಲಿಲ್ಲ. ಪಕ್ಕದಲ್ಲಿಟ್ಟಿದ್ದ ನಲ್ಲಿ ನೀರಿನ ಬಕೆಟ್ಟಿನಲ್ಲಿ ಮುಳುಗಿ ಕೂತಿತ್ತು. 'ಕ್ಲೀನ್ ಮಾಡೋಕೆ ತೆಗೆದಿದ್ವಿ ಸಾರ್' ಅಂದರು ಅಲ್ಲಿದ್ದ ಆಪರೇಟರ್. ಸರ್ವರಿಗೆ ಹೋಗುತ್ತಿದ್ದ ಅಂಕಿ ಸ್ವಚ್ಛ, ಸಿಗ್ನಲ್ ಚೆನ್ನಾಗಿತ್ತು, ಡೇಟಾ ಒಂದು ನಿಮಿಷವೂ ತಪ್ಪಿರಲಿಲ್ಲ. ಆ ಬಕೆಟ್ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಪರದೆ ನೋಡುವವರಿಗೆ ಕಾಣಲ್ಲ.

ಬಕೆಟ್ ಇಲ್ಲದೆಯೂ ಆಟ ನಡೆಯುತ್ತೆ. ಬಿಒಡಿಯನ್ನೇ ತಗೊಳ್ಳಿ. ಪ್ರಯೋಗಾಲಯದಲ್ಲಿ ಈ ಪರೀಕ್ಷೆಗೆ 27 ಡಿಗ್ರಿಯಲ್ಲಿ 3 ದಿನ ಬೇಕು. ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಉಣ್ಣುತ್ತವೆ ಅಂತ ಕಾದು ನೋಡಬೇಕು. ನಿಮಿಷಗಳಲ್ಲಿ ಬಿಒಡಿ ಹೇಳುವ ಸೆನ್ಸರ್ ಸಾಮಾನ್ಯವಾಗಿ ನೀರಿನ ಮೂಲಕ ಬೆಳಕು ಹಾಯಿಸಿ, ಎಷ್ಟು ಹೀರಿಕೊಂಡಿತು ಅಂತ ನೋಡಿ ಅಂದಾಜು ಮಾಡುತ್ತೆ. ಆ ಅಂದಾಜು ಸರಿಯಿರಬೇಕಾದರೆ, ಅದೇ ಕಾರ್ಖಾನೆಯ ನೀರಿನ ಪ್ರಯೋಗಾಲಯ ಫಲಿತಾಂಶದ ಜೊತೆ ಆಗಾಗ ಹೋಲಿಸಿ ಹೊಂದಿಸುತ್ತಿರಬೇಕು. ಹೋಲಿಸದಿದ್ದರೆ ಅದು ಅಂಕಿಯ ವೇಷ ಹಾಕಿದ ಊಹೆ.

ಇಲ್ಲೂ ನಮ್ಮ ಸರಳ ಲೆಕ್ಕ ಕೆಲಸಕ್ಕೆ ಬರುತ್ತೆ. ಕಾರ್ಖಾನೆ ದಿನಕ್ಕೆ ಎಷ್ಟು ನೀರು ಎತ್ತಿತು? ಎಷ್ಟು ಹೊರಬಿಟ್ಟಿತು? ಆವಿಯಾಗಿ, ಉತ್ಪನ್ನದಲ್ಲಿ ಸೇರಿ ಹೋಗಬಹುದಾದದ್ದು ಎಷ್ಟು? ಈ ಅಂಕಿಗಳು ತಾಳೆಯಾಗದಿದ್ದರೆ ಉಳಿದ ನೀರು ಎಲ್ಲೋ ಒಂದು ಕಡೆ ಹೋಗಿರಲೇಬೇಕು. ಅದು ಪಕ್ಕದ ಹಳ್ಳವೂ ಆಗಿರಬಹುದು, ಗುಟ್ಟಾಗಿ ಕೊರೆಸಿದ ಬೋರ್‌ವೆಲ್ಲೂ ಆಗಿರಬಹುದು.

ಸೆನ್ಸರ್ ತಿರುಚಿದರೆ ಶಿಕ್ಷೆ ಏನು? 1974ರ ಜಲ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ 3 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2024ರಲ್ಲಿ ಸಂಸತ್ತು ತಂದ ತಿದ್ದುಪಡಿ ಜೈಲನ್ನು ತೆಗೆದುಹಾಕಿ 10,000ದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಇಟ್ಟಿತು. ನೀರು ರಾಜ್ಯದ ವಿಷಯವಾದ್ದರಿಂದ, ಅದನ್ನು ಒಪ್ಪಿ ನಿರ್ಣಯ ಮಾಡಿದ ರಾಜ್ಯಗಳಿಗಷ್ಟೇ ಅದು ಅನ್ವಯ. ದಂಡ ಹೆಚ್ಚಾಯಿತಲ್ಲ ಅಂತ ಕೆಲವರು ಖುಷಿಪಡಬಹುದು. ನೂರಾರು ಕೋಟಿ ವಹಿವಾಟಿನ ಕಂಪನಿಗೆ 15 ಲಕ್ಷ ಒಂದು ಖರ್ಚಿನ ಬಾಬ್ತು. ಜೈಲು ಹಾಗಲ್ಲ, ಅದನ್ನು ಲೆಕ್ಕದ ಪುಸ್ತಕದಲ್ಲಿ ಬರೆದು ಮುಗಿಸೋಕಾಗಲ್ಲ.

ನೆಟ್‌ವರ್ಕ್ ಎಂಬ ತೆರೆದ ಬಾಗಿಲು

ಟ್ಯಾಂಕನ್ನು ಇಂಟರ್‌ನೆಟ್ಟಿಗೆ ಜೋಡಿಸಿದಾಗ ಒಳ್ಳೆಯವರಿಗಷ್ಟೇ ಅದು ಕಾಣುತ್ತೆ ಅಂದುಕೊಳ್ಳಬೇಡಿ. 2015ರಲ್ಲಿ ಭದ್ರತಾ ಸಂಶೋಧಕರು ಹುಡುಕಿದಾಗ, ಪೆಟ್ರೋಲ್ ಬಂಕುಗಳ ನೆಲದಡಿಯ ಟ್ಯಾಂಕ್ ಅಳೆಯುವ ಸುಮಾರು 5,800 ಸಾಧನಗಳು ಪಾಸ್‌ವರ್ಡ್ ಕೂಡ ಇಲ್ಲದೆ ಇಂಟರ್‌ನೆಟ್ಟಿಗೆ ತೆರೆದುಕೊಂಡಿದ್ದವು, ಬಹುಪಾಲು ಅಮೆರಿಕದಲ್ಲೇ. ಎಲ್ಲೋ ಕೂತವರು ಅಲಾರಂ ಮಿತಿಯನ್ನು ಬದಲಿಸಬಹುದಿತ್ತು.

ಇನ್ನೂ ಭಯಾನಕ ಉದಾಹರಣೆ 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್. ಇರಾನಿನ ನತಾಂಜ್ ಪರಮಾಣು ಘಟಕದ ಯಂತ್ರಗಳನ್ನು ಹಾಳುಗೆಡವಿದ ಈ ವೈರಸ್, ಮೊದಲು ಸೆನ್ಸರ್‌ಗಳ ಮಾಮೂಲಿ ಅಂಕಿಗಳನ್ನು ರೆಕಾರ್ಡ್ ಮಾಡಿಕೊಂಡು, ದಾಳಿ ನಡೆಯುವಾಗ ಅದನ್ನೇ ಮತ್ತೆ ಮತ್ತೆ ತೋರಿಸುತ್ತಿತ್ತು. ಒಳಗೆ ಯಂತ್ರ ಮುರಿಯುತ್ತಿದ್ದರೂ ಪರದೆ ನೋಡುವವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಇದಕ್ಕೇ ಪಾಠ ಒಂದು: ಪ್ರಾಣಕ್ಕೆ ಸಂಬಂಧಿಸಿದ ಕೊನೆಯ ಅಲಾರಂ, ಕೊನೆಯ ವಾಲ್ವ್ ನೆಟ್‌ವರ್ಕಿನ ಮೇಲೆ ಅವಲಂಬಿತವಾಗಬಾರದು. ಅದಕ್ಕೆ ತನ್ನದೇ ತಂತಿ, ತನ್ನದೇ ಸ್ವಿಚ್, ನಿಗದಿತ ದಿನ ನಿಜವಾಗಿ ಪರೀಕ್ಷೆ ಮಾಡುವ ಮನುಷ್ಯ ಇರಬೇಕು.

ಯಾವ ಟ್ಯಾಂಕಿಗೆ ಸೆನ್ಸರ್ ಇಲ್ಲ?

2022ರ ಏಪ್ರಿಲ್‌ನಲ್ಲಿ ಮಂಗಳೂರು ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ 5 ಜನ ಕಾರ್ಮಿಕರು ಸತ್ತರು. ಎಲ್ಲರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. ಮೀನಿನ ತ್ಯಾಜ್ಯ ಸಂಗ್ರಹಿಸುವ ಟ್ಯಾಂಕಿನೊಳಗೆ ಒಬ್ಬರು ಇಳಿದು ಕುಸಿದರು, ಅವರನ್ನು ಎತ್ತಲು ಹೋದವರು ಒಬ್ಬರ ಹಿಂದೆ ಒಬ್ಬರಂತೆ ಕುಸಿದರು.

ಕೊಳೆಯುವ ಸಾವಯವ ತ್ಯಾಜ್ಯದಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತೆ. ಪ್ರಮಾಣ ಹೆಚ್ಚಾದಾಗ ಮೂಗಿನ ಗ್ರಹಣ ಶಕ್ತಿಯೇ ಸತ್ತು, ವಾಸನೆ ಹೋಯಿತು ಅಂತ ಅನಿಸುತ್ತೆ. ಮನುಷ್ಯನ ಮೂಗು ಕೈಕೊಡುವ ಈ ಜಾಗದಲ್ಲೇ ಸೆನ್ಸರ್ ನಿಜವಾಗಿ ಬೇಕು. ಅಂಗಿ ಜೇಬಿಗೆ ಸಿಕ್ಕಿಸಿಕೊಳ್ಳುವಷ್ಟು ಚಿಕ್ಕ ಅನಿಲ ಪತ್ತೆ ಸಾಧನಗಳು ಬಂದು ಎಷ್ಟೋ ವರ್ಷಗಳಾಗಿವೆ. ಪರೀಕ್ಷಿಸಿ ಲಿಖಿತ ಪ್ರಮಾಣಪತ್ರ ಕೊಡದೆ ಇಂಥ ಟ್ಯಾಂಕಿಗೆ ಯಾರನ್ನೂ ಇಳಿಸಬಾರದು ಅಂತ 1948ರ ಕಾರ್ಖಾನೆ ಕಾಯ್ದೆಯ 36ನೇ ಸೆಕ್ಷನ್ನೇ ಹೇಳಿತ್ತು.

ಪೆಟ್ರೋಲ್, ಎಥನಾಲ್, ಖಾದ್ಯ ತೈಲದ ಟ್ಯಾಂಕುಗಳ ಮಟ್ಟವನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ಅಲ್ಲಿ ಒಂದು ಮಿಲಿಮೀಟರ್ ಅಂದರೂ ದುಡ್ಡು. ತ್ಯಾಜ್ಯದ ಟ್ಯಾಂಕಿಗೆ ಇಳಿಯುವವನ ಉಸಿರಿಗೆ ಆ ಬೆಲೆ ಇಲ್ಲ. ಸೆನ್ಸರ್ ಎಲ್ಲಿ ಇದೆ, ಎಲ್ಲಿ ಇಲ್ಲ ಅಂತ ಒಂದು ಕಾರ್ಖಾನೆಯ ನಕ್ಷೆಯಲ್ಲಿ ಗುರುತು ಹಾಕುತ್ತಾ ಹೋಗಿ, ಅಲ್ಲಿ ಯಾರ ಜೀವಕ್ಕೆ ಎಷ್ಟು ಬೆಲೆ ಅನ್ನೋದು ತಾನಾಗಿಯೇ ಮೂಡುತ್ತೆ.

ನಾವು ಕೇಳಬೇಕಾದದ್ದು

ಈ ವಿಷಯದಲ್ಲಿ ನಮ್ಮ ಕೈಯಲ್ಲಿ ಏನೂ ಇಲ್ಲ ಅಂತಲ್ಲ. 2017ರ ಫೆಬ್ರವರಿ 22ರಂದು ಪರ್ಯಾವರಣ್ ಸುರಕ್ಷಾ ಸಮಿತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಿರಂತರ ನಿಗಾ ವ್ಯವಸ್ಥೆಯ ಅಂಕಿಗಳನ್ನು ರಾಜ್ಯ ಮಂಡಳಿಗಳು ತಮ್ಮ ಪೋರ್ಟಲ್‌ನಲ್ಲಿ ಸಾರ್ವಜನಿಕರಿಗೆ ಕಾಣುವಂತೆ ಇಡಬೇಕು ಅಂತ ಹೇಳಿತು. 1974ರ ಜಲ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಯಾವ ಕಾರ್ಖಾನೆಗೆ ಯಾವ ಷರತ್ತಿನ ಮೇಲೆ ಅನುಮತಿ ಕೊಟ್ಟಿದ್ದಾರೆ ಅನ್ನೋ ರಿಜಿಸ್ಟರನ್ನು ಅದರಿಂದ ಬಾಧಿತರಾಗುವ ಯಾರು ಬೇಕಾದರೂ ನೋಡಬಹುದು. ಖಾಸಗಿ ಸಂಸ್ಥೆಯಿಂದ ಸರ್ಕಾರ ಕಾನೂನಿನ ಮೂಲಕ ಪಡೆಯಬಹುದಾದ ಮಾಹಿತಿಯೂ 2005ರ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತೆ. ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳು, ಅವಘಡವಾದರೆ ತೊಂದರೆಗೊಳಗಾಗುವ ಸುತ್ತಲಿನ ಜನರಿಗೆ ಮೊದಲೇ ತಿಳಿಸಬೇಕು ಅಂತ ಹೇಳುತ್ತವೆ. ಭೋಪಾಲದಲ್ಲಿ ಸಾವಿರಾರು ಜನ ಸತ್ತ ಮೇಲೆ ಬಂದ ನಿಯಮ ಅದು.

ಆದ್ದರಿಂದ ನಿಮ್ಮೂರಿನ ಕಾರ್ಖಾನೆಯ ಬಗ್ಗೆ 'ಸೆನ್ಸರ್ ಇದೆಯಾ?' ಅಂತ ಕೇಳಿ ಸುಮ್ಮನಾಗಬೇಡಿ. ಆ ಪ್ರಶ್ನೆಗೆ 'ಇದೆ' ಅನ್ನುವ ಉತ್ತರ ಸುಲಭವಾಗಿ ಸಿಗುತ್ತೆ. ಅದರ ಬದಲು ಇವನ್ನು ಕೇಳಿ:

ಕೊನೆಯ ಸಲ ಕ್ಯಾಲಿಬ್ರೇಟ್ ಮಾಡಿದ್ದು ಯಾವಾಗ, ಮಾಡಿದವರು ಯಾರು, ಅವರಿಗೆ ಹಣ ಕೊಟ್ಟವರು ಯಾರು?

ಸೆನ್ಸರ್ ಎಷ್ಟು ಗಂಟೆ ಬಂದ್ ಆಗಿತ್ತು, ಯಾವ ಹೊತ್ತಿನಲ್ಲಿ? ಪ್ರತಿ ಮಳೆಗಾಲದ ರಾತ್ರಿ ಕೆಡುವ ಸೆನ್ಸರ್ ಇದ್ದರೆ ಅದಕ್ಕೆ ಕಾರಣ ಇರುತ್ತೆ.

ಎತ್ತಿದ ನೀರು, ಬಿಟ್ಟ ನೀರು ತಾಳೆಯಾಗುತ್ತಾ?

ಎಷ್ಟು ಅಲಾರಂ ಬಂದಿವೆ, ಪ್ರತಿಯೊಂದಕ್ಕೂ ಏನು ಕ್ರಮ ಆಗಿದೆ? ಎಸ್‌ಎಂಎಸ್ ಹೋಗಿದ್ದು ಕ್ರಮ ಅಲ್ಲ.

ಅಲಾರಂ ಬಂದಾಗ ಘಟಕ ನಿಲ್ಲಿಸುವ ಅಧಿಕಾರ ರಾತ್ರಿ ಪಾಳಿಯ ಆಪರೇಟರಿಗೆ ಇದೆಯಾ, ಅಥವಾ ಅವರು ಮೊದಲು ಮ್ಯಾನೇಜರಿಗೆ ಫೋನ್ ಮಾಡಬೇಕಾ?

ಈ ಕೊನೆಯ ಪ್ರಶ್ನೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಬನ್ಸ್‌ಫೀಲ್ಡಿನ ಗೇಜ್ 14 ಸಲ ಸಿಕ್ಕಿಹಾಕಿಕೊಂಡದ್ದನ್ನು ಕಂಡವರು ಅಲ್ಲಿನ ನೌಕರರು. ಟ್ಯಾಂಕ್ ಎಲ್ಲಿ ಕಾಯುತ್ತಿದೆ, ಯಾವ ವಾಲ್ವ್ ಬಿಗಿಯಾಗಿದೆ, ಯಾವ ಅಂಕಿ ನಂಬಬಾರದು ಅನ್ನೋದು ಮೊದಲು ಗೊತ್ತಾಗೋದು ಅಲ್ಲಿ ದಿನಾ ಓಡಾಡುವವರಿಗೆ. ಅವರು ಮೂರು ತಿಂಗಳ ಗುತ್ತಿಗೆಯ ಮೇಲೆ, ಸಂಘ ಕಟ್ಟುವ ಧೈರ್ಯವಿಲ್ಲದೆ, 'ಮಾತಾಡಿದರೆ ನಾಳೆ ಗೇಟ್ ಪಾಸ್ ಇರಲ್ಲ' ಅನ್ನೋ ಭಯದಲ್ಲಿ ಕೆಲಸ ಮಾಡುತ್ತಿದ್ದರೆ, ಎಷ್ಟು ದುಬಾರಿ ಸೆನ್ಸರ್ ಹಾಕಿದರೂ ಆ ಕಾರ್ಖಾನೆ ಅರ್ಧ ಕುರುಡೇ. ಸೆನ್ಸರಿಗೆ ಬಜೆಟ್ ಕೇಳುವಾಗ ಕೆಲಸದ ಭದ್ರತೆಯನ್ನೂ ಕೇಳಿ. ಸುರಕ್ಷತೆಗೆ ಎರಡೂ ಬೇಕು.